ಫೋನು ಹಿಂದಕ್ಕೆ ಬಂತು, ನಕಲು ಎಲ್ಲಿ?

(ಕೋಲ್ಕತ್ತದಲ್ಲಿ ನಮ್ಮ ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ನೋಟೀಸು ಹಲಗೆಯ ಮೇಲೆ ಬರೆದಾಗ ಕೆಲವರು ಕೇಳಿದರು: “ಪೊಲೀಸರ ಶೋಧಕ್ಕೂ ನಮಗೂ ಏನು ಸಂಬಂಧ? ನಾವೇನು ಕದ್ದವರೇ, ಕೊಂದವರೇ?” ನ್ಯಾಯವಾದ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಪೊಲೀಸರು ಫೋನು ತೆಗೆದುಕೊಳ್ಳುವುದು ತಪ್ಪು ಮಾಡಿದವನಿಂದ ಮಾತ್ರವಲ್ಲ. ಅವನ ಕೋಣೆಯಲ್ಲಿ ಮಲಗುವವನಿಂದ, ಅವನಿಗೆ ಹಣ ಕಳಿಸಿದವನಿಂದ, ಅವನಿದ್ದ ವಾಟ್ಸಾಪ್ ಗುಂಪಿನಲ್ಲೇ ಇದ್ದವನಿಂದಲೂ ತೆಗೆದುಕೊಳ್ಳಬಹುದು. ಹೋಟೆಲಿನ ಮೇಲಿನ ಒಂದೇ ಕೋಣೆಯಲ್ಲಿ ಎಂಟು ಜನ ಚಾಪೆ ಹಾಸಿಕೊಳ್ಳುವವರಿಗೆ ಇದು ದೂರದ ಮಾತಲ್ಲ. ಒಬ್ಬನ ಹೆಸರಿಗೆ ಬಂದ ವಾರಂಟು ಎಂಟು ಫೋನುಗಳಿಗೂ ಸುತ್ತಿಕೊಳ್ಳಬಹುದು.

ಹಿಂದೆ ನಮ್ಮವರು ಊರು ಬಿಟ್ಟು ಬರುವಾಗ ಒಂದು ತಗಡಿನ ಟ್ರಂಕು ತರುತ್ತಿದ್ದರು. ಎರಡು ಜೊತೆ ಬಟ್ಟೆ, ಅಮ್ಮನ ಕಾಗದ, ಮನಿಯಾರ್ಡರಿನ ರಸೀದಿ, ದೇವರ ಪಟ, ಇಷ್ಟೇ ಅದರೊಳಗೆ. ಇಂದು ಆ ಟ್ರಂಕು ಅಂಗಿಯ ಜೇಬಿಗೆ ಬಂದಿದೆ. ಸಂಬಳ ಬಂದ ಲೆಕ್ಕ, ಸಾಲದ ಲೆಕ್ಕ, ಆಸ್ಪತ್ರೆಯ ಚೀಟಿ, ಹೆಂಡತಿ ಮಕ್ಕಳ ಚಿತ್ರ, ಆಧಾರ್ ಪ್ರತಿ, ಯಜಮಾನರ ಮೇಲೆ ಹೇಳಿಕೊಂಡ ಮಾತು, ಸಂಘಕ್ಕೆ ಯಾರು ಸೇರಿದ್ದಾರೆ, ಯಾರು ಸೇರಬೇಕೆಂದಿದ್ದಾರೆ ಎಂಬ ಪಟ್ಟಿ, ಎಲ್ಲವೂ ಅದರಲ್ಲಿದೆ. ಸಂಬಳದ ಮಾತುಕತೆ ನಡೆಯುತ್ತಿರುವಾಗ ಆ ಪಟ್ಟಿ ಬೇರೆಯವರ ಕೈ ಸೇರಿದರೆ ಎಷ್ಟು ಜನರ ಕೆಲಸ ಉಳಿದೀತು? ನೀವೇ ಎಣಿಸಿ ನೋಡಿ.

ಟ್ರಂಕಿಗೂ ಫೋನಿಗೂ ಇನ್ನೊಂದು ವ್ಯತ್ಯಾಸವಿದೆ. ನಮ್ಮ ಇಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಟ್ರಂಕನ್ನು ಹಿಂದಕ್ಕೆ ಕೊಟ್ಟರೆ ಅದು ಪೊಲೀಸರ ಬಳಿ ಇರುವುದಿಲ್ಲ. ಫೋನನ್ನು ಹಾಗೆ ಹೇಳುವಂತಿಲ್ಲ. ತನಿಖೆಯವರು ಅದರೊಳಗಿನದನ್ನೆಲ್ಲ ಅಕ್ಷರ ಬಿಡದೆ ನಕಲು ಮಾಡುತ್ತಾರೆ. ಅಳಿಸಿದ ಎಷ್ಟೋ ಸಂದೇಶಗಳೂ ಆ ನಕಲಿನಲ್ಲಿ ಎದ್ದು ಬರಬಹುದು. ಆಮೇಲೆ ಯಂತ್ರ ನಮ್ಮ ಕೈಗೆ ಬಂದರೂ ನಕಲು ಅವರ ಕೈಯಲ್ಲಿ ಉಳಿಯುತ್ತದೆ. ಮೊಸರಿನ ಪಾತ್ರೆಯನ್ನು ತೊಳೆದು ಕೊಟ್ಟರು, ಹೆಪ್ಪನ್ನು ಇಟ್ಟುಕೊಂಡರು. ಹೆಪ್ಪು ಇದ್ದವನು ಬೇಕೆಂದಾಗ ಮೊಸರು ಮಾಡಿಕೊಳ್ಳುತ್ತಾನೆ.

ಪೊಲೀಸರು ಜನರ ಗುರುತನ್ನು ಕೂಡಿಟ್ಟುಕೊಳ್ಳುವುದು ಹೊಸದಲ್ಲ. ಅದರ ದೊಡ್ಡ ಚರಿತ್ರೆ ಆರಂಭವಾದದ್ದು ನಾವು ಕುಳಿತಿರುವ ಈ ಊರಿನಲ್ಲಿಯೇ. 1897ರಲ್ಲಿ ಪ್ರಪಂಚದ ಮೊದಲನೆಯ ಬೆರಳಚ್ಚು ಕಚೇರಿ ಇಲ್ಲಿ, ರೈಟರ್ಸ್ ಬಿಲ್ಡಿಂಗಿನಲ್ಲಿ, ಸ್ಥಾಪನೆಯಾಯಿತು. ಹೆಸರು ಬಂದದ್ದು ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿ ಸಾಹೇಬರಿಗೆ. ಬೆರಳ ಗೆರೆಗಳನ್ನು ವರ್ಗ ಮಾಡಿ ಲೆಕ್ಕ ಕೂರಿಸಿದ ದುಡಿಮೆ ಅವರ ಕೈಕೆಳಗಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸರದು. ಪ್ರಪಂಚ ಅದನ್ನು ಇಂದಿಗೂ ಹೆನ್ರಿ ಪದ್ಧತಿ ಎಂದೇ ಕರೆಯುತ್ತದೆ. ಒಲೆಯ ಮುಂದೆ ಬೇಯುವವನು ಒಬ್ಬ, ಬೋರ್ಡಿನ ಮೇಲೆ ಹೆಸರು ಇನ್ನೊಬ್ಬನದು. ಇದು ನಮಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಈ ಬೆರಳಚ್ಚಿನ ಬಗ್ಗೆ 1920ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಕಾಯಿದೆ ಮಾಡಿತು. ನಮ್ಮ ಮೇಲೆ ಪ್ರೀತಿಯಿದ್ದ ಸರ್ಕಾರವಲ್ಲ ಅದು. ಆದರೂ ಅದರ 7ನೇ ಕಲಮಿನಲ್ಲಿ ಒಂದು ಮಾತು ಬರೆದಿತ್ತು. ಮೊದಲು ದೊಡ್ಡ ಶಿಕ್ಷೆಯಾಗದಿದ್ದವನು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ನಿರಪರಾಧಿಯೆಂದು ತೀರ್ಪಾದರೆ, ಅವನ ಅಳತೆಗಳನ್ನೂ ಭಾವಚಿತ್ರಗಳನ್ನೂ, ನೆಗೆಟಿವ್ ಮತ್ತು ಪ್ರತಿ ಎರಡನ್ನೂ, ನಾಶಮಾಡಬೇಕು ಇಲ್ಲವೆ ಅವನಿಗೇ ಕೊಟ್ಟುಬಿಡಬೇಕು. ಬೇರೆ ರೀತಿ ಮಾಡುವುದಾದರೆ ಕಾರಣವನ್ನು ಬರೆದಿಡಬೇಕು. ಗಮನಿಸಿ: ನೆಗೆಟಿವ್ ಮತ್ತು ಪ್ರತಿ ಎರಡೂ! ನಕಲು ಉಳಿದರೆ ಹಿಂದಕ್ಕೆ ಕೊಟ್ಟದ್ದಕ್ಕೆ ಅರ್ಥವಿಲ್ಲ ಎಂಬುದು ನೂರು ವರ್ಷದ ಹಿಂದಿನ ಸಾಹೇಬರಿಗೂ ತಿಳಿದಿತ್ತು.

ಆ ಕಾಯಿದೆಯ ಸ್ಥಾನಕ್ಕೆ 2022ರಲ್ಲಿ ಹೊಸ ಕಾಯಿದೆ ಬಂತು. ಅದು ಬೆರಳಚ್ಚು, ಕಣ್ಣಿನ ಗುರುತು ಮುಂತಾದುವನ್ನು 75 ವರ್ಷ ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. ಒಂದು ಮನುಷ್ಯನ ಆಯುಷ್ಯ! ಆದರೂ ಮೊದಲು ಶಿಕ್ಷೆಯಾಗದವನು ಪೂರ್ತಿಯಾಗಿ ಬಿಡುಗಡೆಯಾದರೆ ಅವನ ದಾಖಲೆ ನಾಶವಾಗಬೇಕೆಂಬ ಮಾತು ಅದರಲ್ಲೂ ಉಳಿದಿದೆ. ಎಂದರೆ ಹೆಬ್ಬೆರಳಿನ ಗುರುತಿಗೆ ಒಂದು ಕೊನೆಯ ದಿನವನ್ನು ಕಾಯಿದೆ ಇಟ್ಟಿದೆ. ಫೋನಿನ ನಕಲಿಗೆ ಅಂಥ ಕಲಮು ಇಲ್ಲ. ಬೆರಳಿನ ತುದಿಯನ್ನು ಹಿಂದಕ್ಕೆ ಕೊಡುವ ಕಾಯಿದೆ, ಇಡೀ ಬಾಳನ್ನು ಹಿಂದಕ್ಕೆ ಕೊಡು ಎಂದು ಹೇಳುವುದಿಲ್ಲ.

ಕೂಲಿಗಾರರ ಸಂಘಗಳಿಗೆ ಈ ವಿಷಯದ ಬಿಸಿ ಬಹಳ ಹಿಂದೆಯೇ ತಟ್ಟಿದೆ. 1929ರ ಮಾರ್ಚ್ 20ರಂದು ಕೋಲ್ಕತ್ತ, ಮುಂಬಯಿ ಮುಂತಾದ ಊರುಗಳಲ್ಲಿ ಏಕಕಾಲಕ್ಕೆ ಶೋಧ ನಡೆಯಿತು. ಈ ಊರಿನಲ್ಲಿ ಮುಜಫರ್ ಅಹ್ಮದರನ್ನು ಹಿಡಿದರು. ಅದೇ ಮೀರತ್ ಮೊಕದ್ದಮೆ. ಸಂಘದ ಕಚೇರಿಗಳಿಂದ ಹೊತ್ತೊಯ್ದ ಕಾಗದಪತ್ರಗಳೇ ಅಲ್ಲಿ ಮುಖ್ಯ ಸಾಕ್ಷ್ಯವಾದವು. ಮೊಕದ್ದಮೆ ನಾಲ್ಕು ವರ್ಷ ನಡೆಯಿತು. ಆ ಕಾಲದಲ್ಲಿ ಸಂಘದ ಕಾಗದ ಹೊರಲು ಗಾಡಿ ಬೇಕಾಗಿತ್ತು. ಇಂದು ಒಂದು ಹೆಬ್ಬೆಟ್ಟಿನ ಗಾತ್ರದ ಪೆನ್‌ಡ್ರೈವಿನಲ್ಲಿ ಎಲ್ಲವೂ ಹಿಡಿಯುತ್ತದೆ.

ಈಗ ಕಾಯಿದೆ ಏನು ಹೇಳುತ್ತದೆ ನೋಡೋಣ. 2024ರ ಜುಲೈ 1ರಿಂದ ಹಳೆಯ ಕ್ರಿಮಿನಲ್ ಪ್ರೊಸೀಜರ್ ಕೋಡಿನ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ 96ನೇ ಕಲಮು ಶೋಧದ ವಾರಂಟಿನದು. ವಾರಂಟಿಲ್ಲದೆಯೂ 185ನೇ ಕಲಮಿನಂತೆ ತನಿಖಾಧಿಕಾರಿ ಶೋಧಿಸಬಹುದು. ಆದರೆ ಕಾರಣವನ್ನು ಬರೆದಿಡಬೇಕು. 103ನೇ ಕಲಮಿನಂತೆ ಆ ಪ್ರದೇಶದ ಇಬ್ಬರು ಸಾಕ್ಷಿಗಳಿರಬೇಕು, ತೆಗೆದುಕೊಂಡ ವಸ್ತುಗಳ ಪಟ್ಟಿಯಾಗಬೇಕು, ಅದರ ಪ್ರತಿಯನ್ನು ನಮಗೆ ಕೊಡಬೇಕು. ಊರಲ್ಲಿ ಮಹಜರು ಎನ್ನುತ್ತೇವಲ್ಲ, ಅದಕ್ಕೆ ಇಲ್ಲಿ ‘ಸೀಜರ್ ಲಿಸ್ಟ್’ ಎನ್ನುತ್ತಾರೆ. 105ನೇ ಕಲಮು ಹೊಸದು: ಶೋಧವನ್ನೂ ಜಪ್ತಿಯನ್ನೂ ವೀಡಿಯೋ ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು.

ಇಷ್ಟನ್ನೂ ಮಾಡದೆ ತೆಗೆದುಕೊಂಡು ಹೋದರೆ? ಇಲ್ಲಿಯೇ ತೊಡಕು. 1954ರಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಾಧೀಶರು, ಶೋಧದ ವಿರುದ್ಧ ಖಾಸಗಿತನದ ಹಕ್ಕು ನಮ್ಮ ಸಂವಿಧಾನದಲ್ಲಿಲ್ಲ ಎಂದರು. 1973ರಲ್ಲಿ ಆದಾಯ ತೆರಿಗೆಯ ಒಂದು ಮೊಕದ್ದಮೆಯಲ್ಲಿ, ಶೋಧ ಅಕ್ರಮವಾಗಿದ್ದರೂ ಅದರಲ್ಲಿ ಸಿಕ್ಕ ಕಾಗದವನ್ನು ಸಾಕ್ಷ್ಯವಾಗಿ ಬಳಸಬಹುದು ಎಂದು ಅದೇ ಕೋರ್ಟು ಹೇಳಿತು. ಬಾಗಿಲು ಮುರಿದು ಬಂದದ್ದು ತಪ್ಪು, ಆದರೆ ತಂದದ್ದು ಇರಲಿ ಎಂದಂತಾಯಿತು.

ಈ ಗೋಡೆಗೆ ಮೊದಲ ದೊಡ್ಡ ಬಿರುಕು ತಂದವರು ನಮ್ಮ ಕಡೆಯವರೊಬ್ಬರು ಎಂಬುದು ನಮಗೆ ಅಭಿಮಾನದ ಸಂಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಸರ್ಕಾರ ಅದರಲ್ಲಿ ಕೈಹಾಕಬೇಕಾದರೆ ಕಾಯಿದೆ ಬೇಕು, ನ್ಯಾಯವಾದ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈಹಾಕಬೇಕು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರು ಗಳಿಸಿಕೊಟ್ಟದ್ದು ನಮ್ಮ ಬಳಿ ಉಳಿದಿದೆ. ಅದರ ಬೆಳಕಿನಲ್ಲಿ 2021ರ ಮಾರ್ಚ್ 12ರಂದು ಕರ್ನಾಟಕ ಹೈಕೋರ್ಟು ಫೋನಿನ ಶೋಧ ಹೇಗೆ ನಡೆಯಬೇಕೆಂದು ಸೂಚನೆ ಕೊಟ್ಟಿತು. ತನಿಖಾಧಿಕಾರಿ ಫೋನಿನೊಳಗಿನ ಖಾಸಗಿ ವಿಷಯವನ್ನು ಮೂರನೆಯವರಿಗೆ ಕೊಟ್ಟರೆ ಅವನ ಮೇಲೆ ಕರ್ತವ್ಯಲೋಪದ ಕ್ರಮ ತೆಗೆದುಕೊಳ್ಳಬಹುದು ಎಂದೂ ಹೇಳಿತು. ಆ ತೀರ್ಪು ಬಂಗಾಳದ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ನಮ್ಮ ವಕೀಲರು ಅದನ್ನು ಇಲ್ಲಿ ಮುಂದಿಡುವುದಕ್ಕೆ ಅಡ್ಡಿಯಿಲ್ಲ.

ಜಪ್ತಿಯಾದ ವಸ್ತುವನ್ನು ಹಿಂದಕ್ಕೆ ಪಡೆಯುವ ವಿಚಾರದಲ್ಲೂ ನಮ್ಮ ನಾಡಿನ ಒಂದು ಮೊಕದ್ದಮೆ ದಾರಿ ಮಾಡಿದೆ. ಹಳೆಯ ಮೈಸೂರು ರಾಜ್ಯದ ಒಬ್ಬ ಹೆಣ್ಣುಮಗಳ ಒಡವೆ ಕಳುವಾಗಿ, ಪೊಲೀಸರು ಪತ್ತೆಮಾಡಿ, ಠಾಣೆಯಲ್ಲಿಟ್ಟರು. ಠಾಣೆಯಿಂದಲೇ ಒಡವೆ ಮಾಯವಾಯಿತು! ಆಕೆ ಬಿಡಲಿಲ್ಲ. ಸುಪ್ರೀಂ ಕೋರ್ಟಿನವರೆಗೂ ಹೋದರು. 1977ರಲ್ಲಿ ಕೋರ್ಟು, ಒಡವೆಯ ಬೆಲೆಯನ್ನು ಸರ್ಕಾರವೇ ತೆರಬೇಕು, ಜಪ್ತಿಯಾದ ವಸ್ತುವನ್ನು ಅಗತ್ಯಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದು ಎಂದಿತು. 2002ರಲ್ಲಿ ಗುಜರಾತಿನ ಮೊಕದ್ದಮೆಯೊಂದರಲ್ಲಿ, ವಸ್ತು ಹದಿನೈದು ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಠಾಣೆಯಲ್ಲಿ ಕೊಳೆಯಬಾರದು ಎಂದು ಹೇಳಿತು. ಹೊಸ ಸಂಹಿತೆಯ 497ನೇ ಕಲಮಿನಂತೆ, ವಸ್ತು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ಅದರ ವಿವರಪಟ್ಟಿಯಾಗಬೇಕು. ಪಟ್ಟಿಯೂ ಛಾಯಾಚಿತ್ರವೂ ಆದ ಮೇಲೆ 30 ದಿನದೊಳಗೆ ವಸ್ತುವಿನ ವಿಲೇವಾರಿಯ ಆಜ್ಞೆಯಾಗಬೇಕು.

ಇವೆಲ್ಲ ಒಳ್ಳೆಯವೇ. ಆದರೆ ಇವೆಲ್ಲ ಒಡವೆ, ಗಾಡಿ, ಪಾತ್ರೆಯಂಥ ವಸ್ತುವನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದ ಮಾತು. ಒಡವೆಯನ್ನು ಹಿಂದಕ್ಕೆ ಕೊಟ್ಟವನ ಪೆಟ್ಟಿಗೆಯಲ್ಲಿ ಇನ್ನೊಂದು ಒಡವೆ ಉಳಿಯುವುದಿಲ್ಲ. ದೆಹಲಿಯಲ್ಲಿ 2022ರ ಅಕ್ಟೋಬರ್ 31ರಂದು ‘ದಿ ವೈರ್’ ಸಂಪಾದಕರ ಫೋನು, ಕಂಪ್ಯೂಟರುಗಳನ್ನು ಪೊಲೀಸರು ತೆಗೆದುಕೊಂಡರು. ಹಿಂದಕ್ಕೆ ಕೊಡಿ ಎಂದು ಮ್ಯಾಜಿಸ್ಟ್ರೇಟರ ಆಜ್ಞೆಯಾದದ್ದು 2023ರ ಸೆಪ್ಟೆಂಬರಿನಲ್ಲಿ. ಹೆಸರುವಾಸಿ ಪತ್ರಕರ್ತರಿಗೆ ಹತ್ತು ತಿಂಗಳ ಮೇಲಾಯಿತು, ಅದೂ ಯಂತ್ರಕ್ಕಾಗಿ. 2023ರ ನವೆಂಬರಿನಲ್ಲಿ ಪತ್ರಕರ್ತರ ಸಂಸ್ಥೆಯೊಂದರ ಅರ್ಜಿ ಬಂದಾಗ ಸುಪ್ರೀಂ ಕೋರ್ಟು, ತನಿಖಾ ಸಂಸ್ಥೆಗಳಿಗೆ ಕಟ್ಟಿಲ್ಲದ ಅಧಿಕಾರ ಅಪಾಯಕರ, ನಿಯಮ ಮಾಡಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ಸದ್ಯಕ್ಕೆ ಸಿಬಿಐ 2020ರ ಕೈಪಿಡಿಯಂತೆ ನಡೆಯುತ್ತೇವೆ ಎಂದು ಸರ್ಕಾರ ಡಿಸೆಂಬರಿನಲ್ಲಿ ಒಪ್ಪಿತು. ಆ ಮಾತು ಕೇಂದ್ರದ ಸಂಸ್ಥೆಗಳಿಗೆ. ನಮ್ಮ ಬಾಗಿಲು ತಟ್ಟುವ ಠಾಣೆ ರಾಜ್ಯದ್ದು. 2023ರ ವೈಯಕ್ತಿಕ ದತ್ತಾಂಶದ ಕಾಯಿದೆಯಲ್ಲಿ ‘ನನ್ನ ವಿಷಯ ಅಳಿಸಿ’ ಎಂದು ಕೇಳುವ ಹಕ್ಕಿದೆ. ಆದರೆ ಅಪರಾಧದ ತನಿಖೆಗೆ ಅದೇ ಕಾಯಿದೆ 17ನೇ ಕಲಮಿನಲ್ಲಿ ಆ ಹಕ್ಕಿನಿಂದ ವಿನಾಯಿತಿ ಕೊಟ್ಟಿದೆ.

ನಕಲು ಉಳಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಮೊಕದ್ದಮೆ ಸಾಕು. ಕನೆಕ್ಟಿಕಟ್ ರಾಜ್ಯದಲ್ಲಿ 2003ರಲ್ಲಿ ಒಬ್ಬ ಲೆಕ್ಕಿಗನ ಕಂಪ್ಯೂಟರುಗಳನ್ನು ಸರ್ಕಾರ ವಾರಂಟಿನಂತೆ ನಕಲು ಮಾಡಿಕೊಂಡಿತು. ಬೇಕಾಗಿದ್ದದ್ದು ಅವನ ಗಿರಾಕಿಗಳ ಲೆಕ್ಕ. ಅದನ್ನು ಬೇರೆ ಮಾಡಿಕೊಂಡ ಮೇಲೂ ಉಳಿದದ್ದನ್ನು ಅಳಿಸಲಿಲ್ಲ. 2006ರಲ್ಲಿ ಅದೇ ನಕಲಿನಿಂದ ಅವನ ಸ್ವಂತ ತೆರಿಗೆಯ ಲೆಕ್ಕವನ್ನು ತೆಗೆದು ಅವನ ಮೇಲೆಯೇ ಮೊಕದ್ದಮೆ ಹೂಡಿದರು. 2014ರಲ್ಲಿ ಅಪೀಲು ಕೋರ್ಟಿನ ಪೀಠವೊಂದು ಇದು ತಪ್ಪು ಎಂದಿತು. 2016ರಲ್ಲಿ ಅದೇ ಕೋರ್ಟಿನ ಪೂರ್ಣ ಪೀಠ, ತನಿಖೆಯವರು ಸದ್ಭಾವನೆಯಿಂದ ನಡೆದರು ಎಂದು ಆ ತೀರ್ಪನ್ನು ತಿರುಗಿಸಿತು. ಅಕ್ಕಿಯಲ್ಲಿ ಒಂದು ಕಲ್ಲಿದೆ ಎಂದು ಇಡೀ ಮೂಟೆ ಹೊತ್ತುಕೊಂಡು ಹೋದರು. ಕಲ್ಲು ಸಿಕ್ಕಿತು, ಸರಿ. ಆಮೇಲೆ ಅಕ್ಕಿ ಯಾರದು? ಇದೇ ಪ್ರಶ್ನೆ. ಇಂಗ್ಲೆಂಡಿನಲ್ಲಿ 2001ರ ಕಾಯಿದೆಯೊಂದು ಈ ಪ್ರಶ್ನೆಗೆ ಬಾಗಿಲನ್ನಾದರೂ ಇಟ್ಟಿದೆ. ಅಧಿಕಾರವಿಲ್ಲದೆ ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡಿಸಿ ಎಂದು ನ್ಯಾಯಾಧೀಶರ ಬಳಿ ಅರ್ಜಿ ಹಾಕಬಹುದು. ಇಟ್ಟುಕೊಳ್ಳಬೇಕಾದರೆ ಪೊಲೀಸರು ಅಲ್ಲಿ ಕಾರಣ ತೋರಿಸಬೇಕು.

ನಮ್ಮಲ್ಲಿ ಬಾಗಿಲು ಇಲ್ಲವೇ ಎಂದರೆ, ದುಡ್ಡಿದ್ದವರಿಗೆ ಇದೆ. 2024ರ ನವೆಂಬರಿನಲ್ಲಿ ಬಂಗಾಳವೂ ಸೇರಿ ಹಲವು ರಾಜ್ಯಗಳಲ್ಲಿ ಒಬ್ಬ ದೊಡ್ಡ ಲಾಟರಿ ವ್ಯಾಪಾರಿಯ ಮೇಲೆ ಜಾರಿ ನಿರ್ದೇಶನಾಲಯ ಶೋಧ ನಡೆಸಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟು, ಜಪ್ತಿಯಾದ ಫೋನುಗಳ ಒಳಗಿನದನ್ನು ನೋಡಬೇಡಿ, ನಕಲು ಮಾಡಬೇಡಿ ಎಂದು ತಡೆಯಾಜ್ಞೆ ಕೊಟ್ಟಿತು. ಆ ಆಜ್ಞೆ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ದೋಸೆ ಕಲ್ಲಿನ ಮುಂದೆ ನಿಲ್ಲುವ ಹುಡುಗನಿಗೂ ಅದೇ ನ್ಯಾಯ, ದೆಹಲಿಯ ರೈಲು ಹತ್ತದೆ, ಬ್ಯಾಂಕ್‌ಶಾಲ್ ಕೋರ್ಟಿನಲ್ಲಿಯೋ ಆಲಿಪುರದ ಕೋರ್ಟಿನಲ್ಲಿಯೋ ಸಿಗಬೇಕು ಎಂಬುದಷ್ಟೇ ನಮ್ಮ ಮಾತು.

ಪೊಲೀಸರ ಪರವಾಗಿಯೂ ಒಂದು ಮಾತು ಹೇಳಬೇಕು. ನಮ್ಮಲ್ಲೇ ಎಷ್ಟೋ ಜನ ಫೋನಿನ ಮೋಸಕ್ಕೆ ಸಿಕ್ಕಿ ಸಂಬಳ ಕಳೆದುಕೊಂಡಿದ್ದೀರಿ. ಆ ಮೋಸಗಾರನ ಫೋನನ್ನು ಪೊಲೀಸರು ಹಿಡಿಯಲೇಬೇಕು, ತೆರೆದು ನೋಡಲೇಬೇಕು. ಅಪೀಲು ಮುಗಿಯುವವರೆಗೆ ಸಾಕ್ಷ್ಯವನ್ನು ಕಾಪಾಡಲೂ ಬೇಕು. ಎಷ್ಟೋ ಬಾರಿ ನಿರಪರಾಧಿಯನ್ನು ಉಳಿಸುವುದೂ ಅದೇ ನಕಲು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಮೊಕದ್ದಮೆಗೆ ಬೇಕಾದದ್ದು ಕೋರ್ಟಿನ ಮೊಹರಿನೊಳಗೆ ಇರಲಿ. ಬೇಡವಾದದ್ದು ಠಾಣೆಯ ಕಂಪ್ಯೂಟರಿನಲ್ಲಿ ಯಾಕೆ ಇರಬೇಕು? ‘ಮೊಕದ್ದಮೆ ಮುಗಿಯಲಿ’ ಎನ್ನುತ್ತಾರೆ. ಇದೇ ಊರಿನಲ್ಲಿ ಜಾದವಪುರ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಅಂಬಿಕೇಶ ಮಹಾಪಾತ್ರರನ್ನು ಒಂದು ವ್ಯಂಗ್ಯಚಿತ್ರವನ್ನು ಇಮೇಲಿನಲ್ಲಿ ಕಳಿಸಿದ್ದಕ್ಕೆ 2012ರ ಏಪ್ರಿಲಿನಲ್ಲಿ ಬಂಧಿಸಿದರು. ಆ ಮೊಕದ್ದಮೆಯಿಂದ ಅವರು ಬಿಡುಗಡೆಯಾದದ್ದು 2023ರ ಜನವರಿಯಲ್ಲಿ. ಒಂದು ಚಿತ್ರಕ್ಕೆ ಹತ್ತು ವರ್ಷದ ಮೇಲೆ. ಮೊಕದ್ದಮೆ ಮುಗಿಯುವವರೆಗೆ ಎಂದರೆ ಎಷ್ಟು ದಿನ ಎಂಬುದನ್ನು ಇದರಿಂದ ಅಂದಾಜು ಮಾಡಿಕೊಳ್ಳಿ.

ಹಾಗಾದರೆ ನಾವು ಮಾಡಬೇಕಾದದ್ದೇನು? ಮೊದಲನೆಯದು, ಶೋಧಕ್ಕೆ ಬಂದವರೊಡನೆ ಜಗಳವಾಡಬಾರದು, ಓಡಬಾರದು. ಫೋನಿನಲ್ಲಿದ್ದುದನ್ನು ಅಳಿಸಲೇಬಾರದು, ಇಲ್ಲದ ತಪ್ಪಿಗೆ ಸಾಕ್ಷ್ಯನಾಶದ ತಪ್ಪು ಸೇರಿಕೊಳ್ಳುತ್ತದೆ. ವಾರಂಟು ಇದೆಯೇ, ಯಾರ ಹೆಸರಿಗೆ, ಯಾವ ವಸ್ತುವಿಗೆ ಎಂದು ಮರ್ಯಾದೆಯಿಂದ ಕೇಳಬೇಕು. ಎರಡನೆಯದು, ಸೀಜರ್ ಲಿಸ್ಟಿನ ಪ್ರತಿ ಪಡೆಯದೆ ಬಿಡಬಾರದು. ಫೋನಿನ ಹೆಸರು, ಐಎಂಇಐ ಸಂಖ್ಯೆ, ಸಿಮ್, ಮೆಮೊರಿ ಕಾರ್ಡು ಅದರಲ್ಲಿ ಬಂದಿರಬೇಕು. ಅದು ಬಂಗಾಳಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು ಓದಲು ಬಾರದಿದ್ದರೆ, ಓದಿ ಹೇಳಿಸಿಕೊಂಡ ಮೇಲೆಯೇ ಸಹಿ. ಮೂರನೆಯದು, ‘ಹ್ಯಾಶ್’ ಸಂಖ್ಯೆ ಕೇಳಬೇಕು. ಇದು ನಕಲಿನ ಮೇಲೆ ಹಾಕುವ ಅರಗಿನ ಮುದ್ರೆಯಂತೆ. ಒಳಗೆ ಒಂದಕ್ಷರ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಸಾಕ್ಷ್ಯದ ಹೊಸ ಕಾಯಿದೆಯ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಇದನ್ನು ಬರೆಯಲೇಬೇಕಾಗಿದೆ.

ನಾಲ್ಕನೆಯದು ಬಹಳ ಮುಖ್ಯ. ಫೋನು ಬಿಡಿಸಿಕೊಡಿ ಎಂದು ಮ್ಯಾಜಿಸ್ಟ್ರೇಟರಿಗೆ ಹಾಕುವ ಅರ್ಜಿಯಲ್ಲೇ ಇನ್ನೆರಡು ಸಾಲು ಬರೆಸಬೇಕು: ಎಷ್ಟು ನಕಲು ಮಾಡಿದ್ದೀರಿ, ಯಾರ ಬಳಿ ಇವೆ ಎಂದು ಪೊಲೀಸರು ತಿಳಿಸಲಿ, ಮೊಕದ್ದಮೆಗೆ ಸಂಬಂಧಿಸದ್ದನ್ನು, ಅಧಿಕಾರವಿಲ್ಲದೆ ತೆಗೆದುಕೊಂಡದ್ದನ್ನು ಅಳಿಸಲು ಆಜ್ಞೆಯಾಗಲಿ. ಮ್ಯಾಜಿಸ್ಟ್ರೇಟರು ಕೊಡಬಹುದು, ಕೊಡದೆ ಇರಬಹುದು. ಕೊಡದಿದ್ದರೆ ಹೈಕೋರ್ಟಿನ ದಾರಿಯಿದೆ. ಕೇಳಿದ್ದು ಕಾಗದದ ಮೇಲಿದ್ದರೆ, ನಾಳೆ ಆ ನಕಲು ಬೇರೆಡೆ ತಲೆಯೆತ್ತಿದಾಗ ‘ನಮಗೆ ಯಾರೂ ಹೇಳಲಿಲ್ಲ’ ಎನ್ನಲು ಬಾಯಿರುವುದಿಲ್ಲ. ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನಿರಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನು ಮಾಡಿದರೆ ದಾರಿ ಹೇಳುತ್ತಾರೆ. ಸಂಘದ ಕಚೇರಿಗೆ ಬಂದರೆ ಅರ್ಜಿ ಬರೆದುಕೊಡಲು, ಕೋರ್ಟಿಗೆ ಜೊತೆಗೆ ಬರಲು ನಾವಿದ್ದೇವೆ.

ಇನ್ನು ಸಂಘವಾಗಿ ನಾವು ಸರ್ಕಾರದ ಮುಂದಿಡಬೇಕಾದ ಬೇಡಿಕೆ ಮೂರೇ. ಫೋನಿನ ನಕಲಿಗೆ ಕೊನೆಯ ದಿನವನ್ನು ಕಾಯಿದೆಯಲ್ಲಿ ಬರೆಯಿರಿ. ಹೆಬ್ಬೆರಳಿಗೆ ಬರೆದದ್ದನ್ನು ಇದಕ್ಕೂ ಬರೆಯಿರಿ. ಅಕ್ರಮವಾಗಿ ತೆಗೆದುಕೊಂಡದ್ದನ್ನು ಇಟ್ಟುಕೊಳ್ಳಬೇಕಾದರೆ ನ್ಯಾಯಾಧೀಶರ ಮುಂದೆ ಕಾರಣ ತೋರಿಸಿ, ತೋರಿಸಲಾಗದಿದ್ದರೆ ಅಳಿಸಿ. ಅಳಿಸಿದ ಮೇಲೆ ಅಳಿಸಿದ್ದೇವೆಂದು ಫೋನಿನ ಒಡೆಯನಿಗೆ ಬರೆದುಕೊಡಿ. ಹೋಟೆಲಿನಲ್ಲಿ ಒಂದು ಕಾಫಿಗೂ ಬಿಲ್ಲು ಬರೆಯುತ್ತೇವೆ. ಒಬ್ಬ ಮನುಷ್ಯನ ಬದುಕನ್ನೆಲ್ಲ ಎತ್ತಿಕೊಂಡು ಹೋದವರು ಒಂದು ರಸೀದಿ ಬರೆಯಲಾರರೇ?

ಈ ಬೇಡಿಕೆಯ ಅರ್ಜಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಕನ್ನಡದಲ್ಲೂ ಬಂಗಾಳಿಯಲ್ಲೂ ಇದೆ. ಓದಿ, ತಿಳಿಯದಿದ್ದರೆ ಕೇಳಿ, ಒಪ್ಪಿಗೆಯಾದರೆ ಸಹಿ ಹಾಕಿ ಹೋಗಿ. ಒಪ್ಪಿಗೆಯಿಲ್ಲದವರು ಮುಂದಿನ ಭಾನುವಾರ ಬಂದು ಇದೇ ಜಾಗದಲ್ಲಿ ನಿಂತು ವಾದಿಸಲಿ, ಕೇಳಲು ನಾವು ಸಿದ್ಧ.